ಮುಳುಗಿದ ಓಣಿಗೊಂದು ಗೂಟ: ಫೋನಿನಲ್ಲಿ ಎಆರ್ ಮಾಡುವ ಬಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಫೋಟೊ, ಫ್ಲೆಕ್ಸ್, ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್ ಎಲ್ಲ ಮಾಡುತ್ತೇವೆ. ಅಪ್ಪನ ಕಾಲದಲ್ಲಿ ಅಂಗಡಿ ಹಳೆ ಊರಲ್ಲಿತ್ತು. ಆಲಮಟ್ಟಿ ಹಿನ್ನೀರು ಬಂದಾಗ ಓಣಿಗೆ ಓಣಿಯೇ ಎದ್ದು ಇಲ್ಲಿಯ ಸೆಕ್ಟರ್‌ಗಳಿಗೆ ಬಂತು. ನಾವೂ ಬಂದೆವು. ಜೊತೆಗೆ ಒಂದು ತಗಡಿನ ಟ್ರಂಕಿನ ತುಂಬ ನೆಗೆಟಿವ್‌ಗಳೂ ಬಂದವು.

ಆ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದಾಗ ಒಂದರಲ್ಲಿ ನಮ್ಮ ಓಣಿ ಸಿಕ್ಕಿತು. ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಒಂದು ಕಡೆ ವಾಲಿಸಿ ಕೇಳಿದಳು: "ಏ ತಮ್ಮಾ, ಈ ಲೈಟಿನ ಕಂಬದ ಹಿಂದ ನಮ್ಮ ಕಟ್ಟಿ ಐತಿ. ಒಂಚೂರ ಸರದ ನೋಡಾಕ ಬರೂದಿಲ್ಲೇನು?"

ಫೋಟೊದಲ್ಲಿ ಸರಿದು ನೋಡಲಾಗುವುದಿಲ್ಲ. ಆದರೆ ಎಆರ್‌ನಲ್ಲಿ ಆಗುತ್ತದೆ. ಪುಸ್ತಕದಲ್ಲಿ ಇದಕ್ಕೆ ವರ್ಧಿತ ವಾಸ್ತವ ಅಂತ ಹೆಸರಿದೆ. ಅಂಗಡಿಯಲ್ಲಿ ಹಾಗಂದರೆ ಗಿರಾಕಿ ಎದ್ದು ಹೋಗುತ್ತಾನೆ, ಅದಕ್ಕೆ ನಾವು ಎಆರ್ ಅಂತಲೇ ಅನ್ನುವುದು. ಫೋನಿನ ಕ್ಯಾಮೆರಾದಲ್ಲಿ ಎದುರಿನ ಜಾಗ ಕಾಣುತ್ತಿರುತ್ತದೆ, ಅದರ ಮೇಲೆ ಇಲ್ಲದ ವಸ್ತುವೊಂದು ನಿಂತಿರುತ್ತದೆ, ನೀವು ಆ ಕಡೆ ಈ ಕಡೆ ಸರಿದರೆ ಅದರ ಮಗ್ಗುಲೂ ಕಾಣುತ್ತದೆ. ಇಷ್ಟೇ. 2016ರಲ್ಲಿ ಹುಡುಗರು ಪೋಕೆಮಾನ್ ಹುಡುಕುತ್ತ ರಸ್ತೆ ರಸ್ತೆ ಅಲೆದರಲ್ಲ, ಅದೇ ಜಾತಿ.

ಇದನ್ನು ಮಾಡಲು ಕನ್ನಡಕ, ಹೆಲ್ಮೆಟ್ ಏನೂ ಬೇಡ. ಒಂದು ಸಾಧಾರಣ ಆಂಡ್ರಾಯ್ಡ್ ಫೋನು, ಒಂದು ಕಂಪ್ಯೂಟರ್, ಒಂದು ಪ್ರಿಂಟು ಸಾಕು. ನಾನು ಬಳಸಿದ ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಕೊಟ್ಟಿಲ್ಲ.

ಮೊದಲು ಗೂಟ

ಎಮ್ಮೆಯನ್ನು ಗೂಟಕ್ಕೆ ಕಟ್ಟದಿದ್ದರೆ ಅದು ಯಾರದೋ ಹೊಲದಲ್ಲಿರುತ್ತದೆ. ಎಆರ್ ಕೂಡ ಹಾಗೇ. ಚಿತ್ರ ಎಷ್ಟೇ ಚಂದ ಇರಲಿ, ಅದನ್ನು ಯಾವುದಕ್ಕೆ ಕಟ್ಟುತ್ತೀರಿ ಅನ್ನುವುದೇ ಅರ್ಧ ಕೆಲಸ. ಗೂಟ ಮೂರು ತರಹ ಇವೆ. ಕಾಗದದ ಗೂಟ: ಒಂದು ಮುದ್ರಿತ ಚಿತ್ರವನ್ನು ಕ್ಯಾಮೆರಾ ಗುರುತಿಸಿ ಅದರ ಮೇಲೆ ವಸ್ತು ನಿಲ್ಲಿಸುತ್ತದೆ. ನೆಲದ ಗೂಟ: ಫೋನು ನೆಲ, ಟೇಬಲ್ಲು ಎಲ್ಲಿದೆ ಅಂತ ತಾನೇ ಹುಡುಕಿಕೊಳ್ಳುತ್ತದೆ. ಆಕಾಶದ ಗೂಟ: ಅಂದರೆ ಜಿಪಿಎಸ್. ಹೊಸಬರು ಮೂರನೆಯದಕ್ಕೇ ಮೊದಲು ಕೈ ಹಾಕುತ್ತಾರೆ. ನಾನೂ ಹಾಕಿದೆ. ನೀವು ಕಾಗದದಿಂದ ಶುರು ಮಾಡಿ.

ಕಾಗದದ ಗೂಟ ಹಳೆಯದು, ಗಟ್ಟಿಯದು. 1999ರಲ್ಲಿ ಜಪಾನಿನ ಹಿರೊಕಾಜು ಕಾಟೊ ಮಾಡಿದ ಎಆರ್‌ಟೂಲ್‌ಕಿಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಗುರುತಿಗೆ ದಪ್ಪ ಕಪ್ಪು ಚೌಕ ಬೇಕಿತ್ತು. ಈಗ ಚೌಕ ಬೇಡ, ಯಾವ ಫೋಟೊ ಆದರೂ ನಡೆಯುತ್ತದೆ. ಯಾವ ಫೋಟೊ ಆದರೂ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ನಮ್ಮ ಲಗ್ನಪತ್ರಿಕೆಗಳ ಕತೆ ಕೇಳಿ.

ಪತ್ರಿಕೆಯ ಮೇಲೆ ಫೋನು ಹಿಡಿದರೆ ಮದುಮಕ್ಕಳ ವಿಡಿಯೊ ಓಡಬೇಕು, ಅದು ನನ್ನ ಮೊದಲ ಪ್ರಯೋಗ. ಒಬ್ಬ ಗಿರಾಕಿಗೆ ಇಳಕಲ್ ಸೀರೆಯ ಡಿಸೈನೇ ಬೇಕಿತ್ತು. ಸುತ್ತಲೂ ಚಿಕ್ಕಿಪರಾಸ್ ದಡಿ, ಕೆಳಗೆ ತೋಪು ತೆನಿ ಸೆರಗು. ಪ್ರಿಂಟು ಬಹಳ ಚಂದ ಬಂತು. ಆದರೆ ಫೋನಿಗೆ ತಲೆ ಬುಡ ತಿಳಿಯಲಿಲ್ಲ. ವಿಡಿಯೊ ಒಮ್ಮೆ ಮೇಲೆ ಹಾರುತ್ತಿತ್ತು, ಒಮ್ಮೆ ಮಾಯ. ಯಾಕಂದರೆ ಒಂದು ತೆನೆಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ಹೊಸದಾಗಿ ನವನಗರಕ್ಕೆ ಬಂದಾಗ ನಮಗೂ ಹೀಗೇ ಆಗುತ್ತಿತ್ತು. ಎಲ್ಲ ಸಾಲುಗಳೂ ಒಂದೇ ತರಹ, ಕತ್ತಲಾದ ಮೇಲೆ ನಮ್ಮ ಮನೆ ಯಾವ ಕ್ರಾಸಿನಲ್ಲಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ದಡಿಯನ್ನು ತೆಳ್ಳಗೆ ಮಾಡಿ, ಒಂದು ಮೂಲೆಗೆ ಕಸೂತಿಯ ಗೋಪುರ, ಇನ್ನೊಂದು ಮೂಲೆಗೆ ತೇರು, ನಡುವೆ ಜೋಡಿಯ ಫೋಟೊ ಹಾಕಿದೆ. ಆಗ ಹಿಡಿದಲ್ಲಿ ಹಿಡಿಯಿತು.

ಅಂದರೆ ಗೂಟದ ಚಿತ್ರದಲ್ಲಿ ಕಪ್ಪು ಬಿಳುಪಿನ ಜಗಳ ಇರಬೇಕು, ಚೂಪು ಮೂಲೆಗಳು ಜಾಸ್ತಿ ಇರಬೇಕು, ಎಡ ಬಲ ಒಂದೇ ತರಹ ಇರಬಾರದು. ಮಂಜು ಮಂಜಾದ ಫೋಟೊ, ಬರೀ ನೀಲಿ ಆಕಾಶ, ಬರೀ ಅಕ್ಷರ ಬೇಡ. ಇನ್ನೊಂದು ನಮ್ಮ ಕಸುಬಿನ ಮಾತು: ಹೊಳೆಯುವ ಗ್ಲಾಸಿ ಲ್ಯಾಮಿನೇಷನ್ ಮಾಡಿಸಬೇಡಿ. ಟ್ಯೂಬ್‌ಲೈಟಿನ ಹೊಳಪು ಬಿದ್ದರೆ ಫೋನು ಕುರುಡಾಗುತ್ತದೆ. ಮ್ಯಾಟ್ ಮಾಡಿಸಿ. ತೆಳು ಕಾಗದವೂ ಬೇಡ, ಬಾಗಿದರೆ ಚಿತ್ರ ಅಲುಗಾಡುತ್ತದೆ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಕಾರ್ಡು ಚೆನ್ನಾಗಿ ನಿಲ್ಲುತ್ತದೆ.

ಮಾಡುವ ಕೆಲಸ

ನಾನು ಬಳಸುವುದು ಮೈಂಡ್‌ಎಆರ್, ಗೂಟದ ಚಿತ್ರವನ್ನು ಗುರುತಿಸುವುದು ಅದು. ಅದರ ಜೊತೆಗೆ ಎ-ಫ್ರೇಮ್, ಮೇಲೆ ವಸ್ತು ನಿಲ್ಲಿಸುವುದು ಇದು. ಎರಡೂ ಉಚಿತ, ಎರಡೂ ಬ್ರೌಸರ್‌ನಲ್ಲೇ ಓಡುತ್ತವೆ. ನೋಡುವವರು ಆ್ಯಪ್ ಹಾಕಿಕೊಳ್ಳಬೇಕಿಲ್ಲ. ಇದು ಬಹಳ ದೊಡ್ಡ ವಿಷಯ. "ಮೊದಲು ಈ ಆ್ಯಪ್ ಹಾಕ್ರಿ" ಅಂದ ಕೂಡಲೇ ಮಾವಂದಿರು, ಕಾಕಾಗಳು ಫೋನು ಜೇಬಿಗೆ ಇಳಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ಹಿಂದೆ ನಾನು ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಹೋಳಿ ಹಬ್ಬಕ್ಕೆ ಅಂತ ಫಿಲ್ಟರ್ ಮಾಡಿದ್ದೆ, ಮುಖಕ್ಕೆ ಬಣ್ಣ ಎರಚಿ ಹಲಗಿ ಬಾರಿಸುವಂಥದ್ದು. ಅವರು ಅಂಗಡಿಯನ್ನೇ ಮುಚ್ಚಿದರು, ನನ್ನ ಬಣ್ಣವೂ ತೊಳೆದು ಹೋಯಿತು. ಕಡತ ನಮ್ಮ ಕೈಯಲ್ಲಿದ್ದರೆ ಬದುಕಿತು.

ಮೈಂಡ್‌ಎಆರ್‌ನ ಜಾಲತಾಣದಲ್ಲಿ ಚಿತ್ರ ಕಂಪೈಲ್ ಮಾಡುವ, ಅಂದರೆ ಅದನ್ನು ಫೋನಿಗೆ ಗುರುತು ಸಿಗುವ ಕಡತ ಮಾಡಿಕೊಡುವ ಪುಟ ಇದೆ. ನಿಮ್ಮ ಗೂಟದ ಚಿತ್ರವನ್ನು ಅದರೊಳಗೆ ಎಳೆದು ಹಾಕಿ, ಶುರು ಒತ್ತಿ. ಸ್ವಲ್ಪ ಹೊತ್ತಿಗೆ ಚಿತ್ರದ ಮೇಲೆ ಚುಕ್ಕೆಗಳು ಮೂಡುತ್ತವೆ. ಫೋನು ಹಿಡಿದುಕೊಳ್ಳುವ ಕೊಕ್ಕೆಗಳು ಅವು. ಇಡೀ ಚಿತ್ರದ ತುಂಬ ಹರಡಿದ್ದರೆ ಒಳ್ಳೆಯದು. ಒಂದೇ ಮೂಲೆಯಲ್ಲಿ ಸಂತೆ ಸೇರಿದ್ದರೆ ಬೇರೆ ಚಿತ್ರ ನೋಡಿ. ಸರಿ ಅನಿಸಿದರೆ ಕಡತ ಇಳಿಸಿಕೊಳ್ಳಿ.

ನಂತರ ಅವರದೇ ಮಾದರಿ ಪುಟವನ್ನು ನೋಟ್‌ಪ್ಯಾಡಿಗೆ ನಕಲು ಮಾಡಿ. ನನಗೆ ಕೋಡಿಂಗ್ ಬರುವುದಿಲ್ಲ, ಈಗಲೂ ಬರುವುದಿಲ್ಲ. ಬದಲಿಸಬೇಕಾದ್ದು ಮೂರೇ ಕಡೆ: ಕಂಪೈಲ್ ಮಾಡಿದ ಕಡತದ ಹೆಸರು, ಮೇಲೆ ನಿಲ್ಲಬೇಕಾದ ಚಿತ್ರ ಅಥವಾ ವಿಡಿಯೊದ ಹೆಸರು, ಮತ್ತು ಅಳತೆ. ಅಳತೆಯ ಲೆಕ್ಕ ಹೀಗಿದೆ. ಗೂಟದ ಚಿತ್ರದ ಅಗಲ ಯಾವಾಗಲೂ 1. ಅದು ವಿಸಿಟಿಂಗ್ ಕಾರ್ಡ್ ಆಗಿರಲಿ, ಫ್ಲೆಕ್ಸ್ ಆಗಿರಲಿ, 1. ಆದ್ದರಿಂದ 6 ಇಂಚು ಅಗಲ 4 ಇಂಚು ಎತ್ತರದ ಫೋಟೊ ಅಂದರೆ 1 ಮತ್ತು 0.67. ವಸ್ತು ನಿಲ್ಲುವ ಜಾಗಕ್ಕೆ ಪೊಸಿಷನ್ ಅಂತ ಬೇರೆ ಮೂರು ಅಂಕಿ ಇರುತ್ತವೆ, ಅದರಲ್ಲಿ ಮೂರನೆಯದು ಕಾಗದದಿಂದ ನಿಮ್ಮ ಕಡೆಗೆ ಎಷ್ಟು ಮುಂದೆ ಅನ್ನುವುದು. ಮೈನಸ್ ಹಾಕಿದರೆ ಕಾಗದದ ಹಿಂದೆ ಹೋಗುತ್ತದೆ. ಈ ಮೂರನೇ ಅಂಕಿಯನ್ನು ನೆನಪಿಡಿ, ಅವ್ವನ ಕಟ್ಟೆ ಸಿಗುವುದು ಅಲ್ಲೇ.

ಎಲ್ಲವನ್ನೂ ಗಿಟ್‌ಹಬ್ ಪೇಜಸ್‌ಗೆ ಏರಿಸಿ, ಅದು ವೆಬ್ ಪುಟಗಳನ್ನು ಇಡಲು ಜಾಗ ಕೊಡುವ ತಾಣ. ಕಂಪ್ಯೂಟರಿನಲ್ಲಿ ಪುಟದ ಮೇಲೆ ಸುಮ್ನೆ ಎರಡು ಸಲ ಒತ್ತಿ ತೆರೆದರೆ ಕೆಲಸ ಆಗುವುದಿಲ್ಲ. ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರುವಾಗದಿದ್ದರೆ ಬ್ರೌಸರ್ ಕ್ಯಾಮೆರಾ ಕೊಡುವುದಿಲ್ಲ. ಗಿಟ್‌ಹಬ್ ಅದನ್ನು ಪುಕ್ಕಟೆ ಕೊಡುತ್ತದೆ. ಆ ವಿಳಾಸಕ್ಕೆ ಒಂದು ಕ್ಯೂಆರ್ ಮಾಡಿ ಕಾರ್ಡಿನ ಹಿಂದೆ ಹಾಕಿ. ವಿಡಿಯೊ ಸಣ್ಣದಿರಲಿ. ನಾನು 20 ಸೆಕೆಂಡಿಗೆ ಕತ್ತರಿಸಿ 5 ಎಂಬಿ ಒಳಗೆ ಇಳಿಸುತ್ತೇನೆ. ಇನ್ನು ಧ್ವನಿ ಇರುವ ವಿಡಿಯೊ ತಾನಾಗಿ ಓಡುವುದಿಲ್ಲ, ನೋಡುವವರು ಒಮ್ಮೆ ಪರದೆ ಮುಟ್ಟಲೇಬೇಕು. ಅದಕ್ಕೆ ಮೊದಲ ಪರದೆಯಲ್ಲೇ "ಇಲ್ಲಿ ಒತ್ತಿರಿ" ಅಂತ ದೊಡ್ಡ ಗುಂಡಿ ಇಟ್ಟುಬಿಡಿ.

ಒಂದು ಎಚ್ಚರಿಕೆ. ಸೀಸನ್ನಿನಲ್ಲಿ ಅವಸರಕ್ಕೆ ಬಿದ್ದು ನಾನು ಎರಡು ಮದುವೆಗಳ ಪತ್ರಿಕೆಗಳನ್ನು ಒಂದೇ ಪುಟಕ್ಕೆ ಸೇರಿಸಿದೆ. ಎರಡಕ್ಕೂ ಗೂಟ ಅಂತ ಮೇಲಿನ ಗಣಪತಿಯನ್ನೇ ಕೊಟ್ಟೆ. ಗಣಪತಿ ಎರಡರಲ್ಲೂ ಒಬ್ಬನೇ, ಕೋರಲ್‌ಡ್ರಾ ಫೋಲ್ಡರಿನ ಅದೇ ಹಳೆ ಗಣಪತಿ. ಹುನಗುಂದದ ಪತ್ರಿಕೆ ಮೇಲೆ ಜಮಖಂಡಿಯ ಜೋಡಿ ಕುಣಿಯಿತು. ಹುಡುಗಿಯ ಕಾಕಾ ಫೋನ್ ಮಾಡಿ, "ಅಣ್ಣಾರ, ನಮ್ಮ ಅಳಿಯಾ ಬದಲಾಗ್ಯಾನಲ್ರೀ" ಅಂದರು. ಅವರು ನಗುತ್ತಿದ್ದರು, ನಾನು ಬೆವರುತ್ತಿದ್ದೆ. ಅಂದಿನಿಂದ ಒಂದು ಮದುವೆಗೆ ಒಂದು ಪುಟ.

ಫೋಟೊವನ್ನು ಪದರ ಮಾಡುವುದು

ಈಗ ಓಣಿ. ಒಂದು ಚಪ್ಪಟೆ ಫೋಟೊದಲ್ಲಿ ಸರಿದು ನೋಡುವ ಹಾಗೆ ಮಾಡಬೇಕೆಂದರೆ ಅದನ್ನು ನಾಟಕದ ಪರದೆಗಳ ಹಾಗೆ ಬಿಡಿಸಬೇಕು. ರಂಗದ ಮೇಲೆ ಹಿಂದೆ ಅರಮನೆಯ ಪರದೆ, ನಡುವೆ ಕಂಬ, ಮುಂದೆ ನಟರು ಇರುತ್ತಾರಲ್ಲ, ಹಾಗೆ.

ಫೋಟೊಶಾಪ್ ಅಥವಾ ಉಚಿತದ ಗಿಂಪ್‌ನಲ್ಲಿ ನಮ್ಮ ಓಣಿಯನ್ನು ನಾಲ್ಕು ತುಂಡು ಮಾಡಿದೆ: ಆಕಾಶ ಮತ್ತು ದೂರದ ಮಾಳಿಗೆಗಳು, ಎರಡೂ ಮಗ್ಗುಲಿನ ಮನೆಗಳು, ಲೈಟಿನ ಕಂಬ, ಎಲ್ಲಕ್ಕಿಂತ ಮುಂದೆ ಸೈಕಲ್ ಹಿಡಿದು ನಿಂತ ಹುಡುಗ. ಪ್ರತಿ ತುಂಡನ್ನೂ ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿ ಉಳಿಸಿ. ಕಂಬ ಕತ್ತರಿಸಿದ ಜಾಗದಲ್ಲಿ ಹಿಂದಿನ ಪದರಕ್ಕೆ ತೂತು ಬೀಳುತ್ತದೆ. ಅದಕ್ಕೇನು ಮಾಡಿದೆ ಅಂತ ಆಮೇಲೆ ಹೇಳುತ್ತೇನೆ.

ಆಕಾಶವನ್ನು ಮೈನಸ್ 0.6ರಲ್ಲಿ ಇಟ್ಟೆ, ಮನೆಗಳನ್ನು ಮೈನಸ್ 0.3ರಲ್ಲಿ, ಕಂಬವನ್ನು ಕಾಗದದ ಮೇಲೆ ಅಂದರೆ 0ಯಲ್ಲಿ, ಹುಡುಗನನ್ನು 0.15 ಮುಂದೆ. ಹಾಗೇ ಬಿಟ್ಟರೆ ಹಿಂದೆ ಹೋದದ್ದು ಸಣ್ಣದಾಗಿ ಕಾಣುತ್ತದೆ, ಫೋಟೊ ಹರಿದ ಹಾಗಾಗುತ್ತದೆ. ಹಿಂದೆ ಹೋದಷ್ಟೂ ದೊಡ್ಡದು ಮಾಡಬೇಕು. ಜನ ಸಾಮಾನ್ಯವಾಗಿ ಕಾಗದದ ಅಗಲದ ಎರಡರಷ್ಟು ದೂರದಲ್ಲಿ ಫೋನು ಹಿಡಿಯುತ್ತಾರೆ. ಆದ್ದರಿಂದ ಆಕಾಶಕ್ಕೆ 2.6 ಭಾಗಿಸು 2, ಅಂದರೆ 1.3 ಪಟ್ಟು. ಮನೆಗಳಿಗೆ 1.15. ಮುಂದಿರುವ ಹುಡುಗನಿಗೆ 0.92ರ ಆಸುಪಾಸು. ನೇರ ನಿಂತು ನೋಡಿದರೆ ಅದೇ ಹಳೆ ಫೋಟೊ. ಫೋನನ್ನು ಎಡಕ್ಕೆ ಒಯ್ದರೆ ಕಂಬ ಬಲಕ್ಕೆ ಸರಿದು ಅದರ ಹಿಂದಿನ ಜಾಗ ಬಾಯಿ ತೆರೆಯುತ್ತದೆ. ಮೊದಲ ಸಲ ಹಾಗಾದಾಗ ನಾನು ಅಂಗಡಿಯಲ್ಲಿ ಒಬ್ಬನೇ ಇದ್ದೆ. ಹತ್ತು ಸಲ ಸರಿದು ಸರಿದು ನೋಡಿದೆ.

ಹುಡುಗನ ಸುತ್ತ ಒಂದು ಚೌಕಾಕಾರದ ಕಲೆ ಕಂಡರೆ ಗಾಬರಿ ಬೇಡ. ಪುಟದಲ್ಲಿ ಹಿಂದಿನ ಪದರವನ್ನು ಮೊದಲು ಬರೆಯಿರಿ, ಮುಂದಿನದನ್ನು ಕೊನೆಗೆ. ಸರಿ ಹೋಗುತ್ತದೆ. ಚಿತ್ರ ನಡುಗುತ್ತಿದ್ದರೆ ಮೈಂಡ್‌ಎಆರ್‌ನಲ್ಲಿ ಫಿಲ್ಟರ್‌ಮಿನ್‌ಸಿಎಫ್ (filterMinCF) ಅಂತ ಒಂದು ಅಂಕಿ ಇದೆ, ಅದನ್ನು ಕಡಿಮೆ ಮಾಡಿದರೆ ನಡುಕ ನಿಲ್ಲುತ್ತದೆ. ಬಹಳ ಕಡಿಮೆ ಮಾಡಿದರೆ ಚಿತ್ರ ಎತ್ತಿನ ಬಂಡಿಯ ಹಾಗೆ ಹಿಂದೆ ಹಿಂದೆ ಬರುತ್ತದೆ.

ಈಗ ತೂತಿನ ವಿಷಯ. ಕಂಬದ ಹಿಂದೆ ಫೋಟೊದಲ್ಲಿ ಏನೂ ಇಲ್ಲ. ಪಕ್ಕದ ಗೋಡೆಯನ್ನೇ ಹಚ್ಚಿ ಮುಚ್ಚಬಹುದಿತ್ತು, ಈಗ ಎಐಗೆ ಹೇಳಿದರೆ ಒಂದು ಕಟ್ಟೆಯನ್ನೂ ಕಟ್ಟಿಕೊಡುತ್ತದೆ. ಆದರೆ ಅದು ನಮ್ಮ ಕಟ್ಟೆ ಅಲ್ಲ. ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಎಷ್ಟು ಎತ್ತರ? "ನನ್ನ ಮೊಣಕಾಲಮಟ." ಕಲ್ಲಿನದೋ ಮಣ್ಣಿನದೋ? "ಮ್ಯಾಲ ಒಂದು ಹಾಸಗಲ್ಲು. ಒಂದು ಮೂಲಿ ಒಡದಿತ್ತು." ಅವಳು ಹೇಳಿದಂತೆ ಬಿಳಿ ಗೆರೆಯಲ್ಲಿ ಬರೆದೆ, ರಂಗೋಲಿ ಎಳೆಯ ಹಾಗೆ. ಫೋಟೊದಲ್ಲಿದ್ದದ್ದು ಫೋಟೊ ಆಗಿಯೇ ಇರಲಿ, ನೆನಪಿನಿಂದ ಬಂದದ್ದು ಗೆರೆ ಆಗಿರಲಿ. ಇದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ವಿಜಯಪುರದ ಬಾರಾ ಕಮಾನ್ ಮೇಲೆ ಪ್ರಯೋಗ ಮಾಡುವ ಹುಡುಗರಿಗೂ ಅದನ್ನೇ ಹೇಳುತ್ತೇನೆ. 1672ರಲ್ಲಿ ಶುರುವಾಗಿ ಅರ್ಧಕ್ಕೆ ನಿಂತ ಕಟ್ಟಡ ಅದು. ಪೂರ್ತಿಯಾಗಿದ್ದರೆ ಹೇಗಿರುತ್ತಿತ್ತು ಅಂತ ತೋರಿಸಿ, ಚಂದ ಇರುತ್ತದೆ. ಆದರೆ ಗೆರೆಯಲ್ಲಿ ತೋರಿಸಿ. ಇಲ್ಲದಿದ್ದರೆ ನಾಳೆ ಯಾರೋ ಅದೇ ನಿಜವಾದ ಗುಮ್ಮಟ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ. ಹಾಂ, ಸ್ಮಾರಕದ ಕಲ್ಲಿಗೆ ಸ್ಟಿಕರ್ ಅಂಟಿಸಬೇಡಿ. ಕಾರ್ಡು ಕೈಯಲ್ಲೇ ಇರಲಿ.

ನೆಲದ ಮೇಲೆ ಬೀಸುಕಲ್ಲು

ಪೂರ್ತಿ ಮೂರು ಆಯಾಮದ ವಸ್ತು ಬೇಕಿದ್ದರೆ ಫೋನಿನಲ್ಲೇ ಸ್ಕ್ಯಾನ್ ಮಾಡಬಹುದು. ಪಾಲಿಕ್ಯಾಮ್, ಕಿರಿ ಎಂಜಿನ್ ಅಂತ ಆ್ಯಪ್‌ಗಳಿವೆ. ವಸ್ತುವಿನ ಸುತ್ತ ಎರಡು ಸುತ್ತು, ಒಮ್ಮೆ ಸೊಂಟದ ಮಟ್ಟದಲ್ಲಿ, ಒಮ್ಮೆ ಮೇಲಿನಿಂದ, ಒಟ್ಟು 60–70 ಫೋಟೊ ತೆಗೆಯಿರಿ. ಬಿಸಿಲು ಬೇಡ, ಪಡಸಾಲೆಯ ನೆರಳು ಸಾಕು. ನಮ್ಮ ಬೀಸುಕಲ್ಲು ಮೊದಲ ಸಲಕ್ಕೇ ಅಚ್ಚುಕಟ್ಟಾಗಿ ಬಂತು, ಕಲ್ಲಿನ ಮೈ ಒರಟು ನೋಡಿ. ಹಿತ್ತಾಳೆ ತಂಬಿಗೆ ಮಾತ್ರ ಹೊಳಪಿಗೆ ಕರಗಿದ ಬೆಲ್ಲದ ಹಾಗೆ ಬಂತು. ಹೊಳೆಯುವ ವಸ್ತುವಿಗೆ ಪುಡಿ ಸವರಿ ಮಂಕು ಮಾಡಬೇಕು. ಕೈಗೆ ಸಿಕ್ಕಿದ್ದು ದೇವರ ಜಗಲಿಯ ವಿಭೂತಿ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ತಂಬಿಗಿಗೂ ದೀಕ್ಷಾ ಕೊಡಾಕತ್ತೀಯೇನ?" ಅಂದಳು. ತಂಬಿಗೆ ಚೆನ್ನಾಗಿಯೇ ಬಂತು.

ಹೀಗೆ ಬಂದ ಜಿಎಲ್‌ಬಿ ಕಡತವನ್ನು, ಅಂದರೆ ಮೂರು ಆಯಾಮದ ವಸ್ತುವಿನ ಕಡತವನ್ನು, ಗೂಗಲ್‌ನ ಮಾಡೆಲ್-ವ್ಯೂವರ್ ಅನ್ನುವ ಪುಟದ ತುಣುಕಿಗೆ ಕೊಟ್ಟು ಅದರಲ್ಲಿ ar ಅನ್ನುವ ಪದ ಸೇರಿಸಿದರೆ, ಎಆರ್ ಬರುವ ಫೋನಿನಲ್ಲಿ ಗುಂಡಿ ತಾನೇ ಬರುತ್ತದೆ. ಅಳತೆ ಮಾತ್ರ ನೀವೇ ಸರಿಪಡಿಸಬೇಕು. ಅಲ್ಲಿ 1 ಅಂದರೆ 1 ಮೀಟರ್. ನನ್ನ ಬೀಸುಕಲ್ಲು ಮೊದಲ ಸಲ ಗೋಳಗುಮ್ಮಟದಷ್ಟು ದೊಡ್ಡದಾಗಿ ನಿಂತು, ನಾನು ಅದರ ಒಳಗಿದ್ದೆ. ಟೇಪು ಹಿಡಿದು ಅಳೆದೆ, 16 ಇಂಚು. ಬ್ಲೆಂಡರ್ ಅನ್ನುವ ಮೂರು ಆಯಾಮದ ಸಾಫ್ಟ್‌ವೇರ್‌ನಲ್ಲಿ 0.41ಕ್ಕೆ ಇಳಿಸಿದೆ. ಇನ್ನೊಂದು ಮಾತು, ಬಿಳಿ ಟೈಲ್ಸ್ ನೆಲವನ್ನು ಫೋನು ಹುಡುಕಲಾರದು. ಒಂದು ಜಮಖಾನೆ ಹಾಸಿ, ಅದರ ಪಟ್ಟೆ ನೋಡಿ ಕೂಡಲೇ ನೆಲ ಸಿಗುತ್ತದೆ.

ಹಿನ್ನೀರಿನ ದಂಡೆಯಲ್ಲಿ

ಓಣಿ ಇದ್ದ ಜಾಗದಲ್ಲೇ ಓಣಿಯನ್ನು ತೋರಿಸಬೇಕು ಅನ್ನುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಆಕಾಶದ ಗೂಟ ಹಾಕಿದೆ. ಬಯಲಿನಲ್ಲೂ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ಆಗುತ್ತದೆ. ಅಂದರೆ ಸುಮಾರು 16 ಅಡಿ. ನಮ್ಮ ಓಣಿಯ ಅಗಲವೇ 10 ಅಡಿ. ಒಂದು ಸಲ ನಮ್ಮ ಮನೆ ಎದುರು ಮನೆಯವರ ಅಡುಗೆಮನೆಯಲ್ಲಿ ನಿಂತಿತ್ತು. ಬೈಕಿನ ಹತ್ತಿರ ಹೋದರೆ ದಿಕ್ಸೂಚಿ ಬೇರೆ ತಿರುಗಿಬಿಡುತ್ತಿತ್ತು, ಕಬ್ಬಿಣ ಕಂಡರೆ ಅದಕ್ಕೆ ಆಗುವುದಿಲ್ಲ.

ಕೊನೆಗೆ ಉಪಯೋಗಕ್ಕೆ ಬಂದದ್ದು ಎಲ್ಲಕ್ಕಿಂತ ಸರಳ ಉಪಾಯ. ಹಳೆ ಫೋಟೊವನ್ನು ಅರ್ಧ ಪಾರದರ್ಶಕ ಮಾಡಿ ಕ್ಯಾಮೆರಾದ ಮೇಲೆ ಹರಡುವುದು. ನೋಡುವವರೇ ಹೆಜ್ಜೆ ಹಿಂದೆ ಮುಂದೆ ಇಟ್ಟು ಫೋಟೊದ ಗುಡ್ಡದ ಗೆರೆಯನ್ನು ಎದುರಿನ ಗುಡ್ಡಕ್ಕೆ ಹೊಂದಿಸಬೇಕು. ಗುಡ್ಡ ಎಲ್ಲಿಗೂ ಹೋಗಿಲ್ಲ ಅಲ್ವಾ, ಅದೇ ಗೂಟ. ಹೊಂದಿಕೊಂಡ ಗಳಿಗೆಗೆ ಕೆಳಗೆ ನೀರಿರುವಲ್ಲಿ ಮಾಳಿಗೆಗಳು ಕಾಣುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನೂ ಸುಲಭ. ಆದರೆ ಮಧ್ಯಾಹ್ನ ಹೋಗಬೇಡಿ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಫೋನು ಕಾದು ತಾನೇ ಮಂಕಾಗುತ್ತದೆ. ಬೆಳಿಗ್ಗೆ ಏಳರ ಒಳಗೆ, ಇಲ್ಲ ಸಂಜೆ ಐದರ ಮೇಲೆ. ನೋಡುತ್ತ ನೋಡುತ್ತ ಜನ ಮುಂದೆ ಹೆಜ್ಜೆ ಇಡುತ್ತಾರೆ, ಆದ್ದರಿಂದ ನೀರಿನ ಅಂಚಿನಿಂದ ದೂರವೇ ನಿಲ್ಲಿಸಿ. ಜೊತೆಗೆ ಒಬ್ಬರು ಇರಲೇಬೇಕು.

ಅವ್ವನಿಗೆ ದಂಡೆಯವರೆಗೆ ನಡೆಯಲು ಆಗುವುದಿಲ್ಲ. ಅವಳಿಗೆ ಕಾರ್ಡೇ. ಟೇಬಲ್ಲಿನ ಮೇಲೆ ಇಟ್ಟು ಫೋನು ಕೈಗೆ ಕೊಟ್ಟೆ. ನಿಧಾನಕ್ಕೆ ಎಡಕ್ಕೆ ವಾಲಿದಳು. ಕಂಬ ಸರಿಯಿತು, ಗೆರೆಯ ಕಟ್ಟೆ ಕಂಡಿತು. ಒಡೆದ ಮೂಲೆಯನ್ನು ಪರದೆಯ ಮೇಲೆ ಬೆರಳಿಟ್ಟು ಮುಟ್ಟಿದಳು. ಮುಟ್ಟಿದ್ದಕ್ಕೆ ಅವಳದೇ ಧ್ವನಿ ಶುರುವಾಯಿತು, ನಾನು ಮುಂಚೆಯೇ ರೆಕಾರ್ಡ್ ಮಾಡಿ ಆ ಗೆರೆಗೆ ಕಟ್ಟಿದ್ದೆ. ಬೆಚ್ಚಿ ಫೋನು ಟೇಬಲ್ಲಿನ ಮೇಲೆ ಇಟ್ಟಳು.

ಮರುದಿನ ಹಳೆ ಓಣಿಯ ಇಬ್ಬರು ಚಿಗವ್ವಗಳನ್ನು ಕರೆದುಕೊಂಡು ಬಂದಳು. ಕಟ್ಟೆಯ ಬಗ್ಗೆ ಎಲ್ಲರಿಗೂ ಒಪ್ಪಿಗೆ ಇತ್ತು. ಬೇವಿನ ಗಿಡದ ಬಗ್ಗೆ ಇರಲಿಲ್ಲ. ಅವ್ವ ಅದು ಕಟ್ಟೆಯ ಬಲಕ್ಕೆ ಅಂದಳು, ಚಿಗವ್ವ ಎಡಕ್ಕೆ ಅಂದಳು, ಚಹಾ ಆರಿಹೋಯಿತು. ಗಿಡವನ್ನು ಎರಡು ಪದರದಲ್ಲಿ ಬರೆದು ಒಂದು ಗುಂಡಿಗೆ ಕಟ್ಟಿದ್ದೇನೆ. ಒಮ್ಮೆ ಒತ್ತಿದರೆ ಎಡಕ್ಕೆ, ಇನ್ನೊಮ್ಮೆ ಒತ್ತಿದರೆ ಬಲಕ್ಕೆ. ಯಾರ ಕೈಗೆ ಫೋನು ಹೋಗುತ್ತದೋ ಅವರು ತಮ್ಮ ಕಡೆಗೆ ಒತ್ತಿಟ್ಟು ಕೊಡುತ್ತಾರೆ.